ಹಿರಿಯರ ಮರೆವಿನ ರೋಗವೂ ಮನೆಯವರ ಮುಂದಾಲೋಚನೆಯೂ

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ವೃದ್ಧೆಯಾದ ತಾಯಿಯು ಒಂದೇ ಮಾತನ್ನು ಹತ್ತು ಸಾರಿ ಕೇಳಿದರೆ, ಉಂಡು ಕೈತೊಳೆದ ಗಳಿಗೆಯಲ್ಲೇ ನೆರೆಮನೆಗೆ ಹೋಗಿ ತನಗೆ ಬೆಳಗಿನಿಂದ ಊಟವಿಲ್ಲವೆಂದು ದೂರಿದರೆ, ಮನೆಯವರು ಮೊದಲು ನಗುತ್ತಾರೆ, ಆಮೇಲೆ ಸಿಟ್ಟಾಗುತ್ತಾರೆ, ಕಡೆಗೆ ಈ ಗಾದೆಯನ್ನು ಹೇಳಿ ಸುಮ್ಮನಾಗುತ್ತಾರೆ. ಗಾದೆಯು ಹಾಸ್ಯಕ್ಕೆ ಹುಟ್ಟಿದ್ದಾಗಿರಬಹುದು. ಆದರೂ ಅದರ ದೆಸೆಯಿಂದ ಎಷ್ಟೋ ಮಂದಿ ರೋಗಿಗಳು ರೋಗಿಗಳೆಂದು ಎಣಿಸಲ್ಪಡದೆ ಹೋಗಿದ್ದಾರೆ. ಮುಪ್ಪು ಬೇರೆ, ರೋಗ ಬೇರೆ. ರೋಗವೆಂದು ತಿಳಿದ ಮೇಲೆ ಮನೆಯವರು ಯಾವ ಕೆಲಸಗಳಿಗೆ ತಡಮಾಡಬಾರದೆಂಬದೇ ಈ ಪಾಠದ ವಿಷಯವು.

ಸಂತೆಗೆ ಹೋದ ಅಜ್ಜನು ಅಂಗಡಿಯಲ್ಲಿ ಕೊಡೆಯನ್ನು ಮರೆತು, ಅರ್ಧ ದಾರಿಯಲ್ಲಿ ನೆನಸಿಕೊಂಡು ಹಿಂದಿರುಗಿದರೆ ಅದು ವಯಸ್ಸಿನ ಮರೆವು. ಆದರೆ ನಾಲ್ವತ್ತು ವರುಷ ನಡೆದ ಹೊಲದ ದಾರಿಯಲ್ಲಿ ನಿಂತು ಮನೆಯು ಯಾವ ಕಡೆಗೆ ಎಂದು ತಿಳಿಯದೆ ಹೋದರೆ, ಅಥವಾ ಹುಡುಗತನದಿಂದ ರೊಟ್ಟಿ ಬಡಿಯುತ್ತಿದ್ದ ಅಜ್ಜಿಯು ಜೋಳದ ಹಿಟ್ಟನ್ನು ಮುಂದಿಟ್ಟುಕೊಂಡು ಇನ್ನು ಮಾಡತಕ್ಕದ್ದೇನೆಂದು ತೋಚದೆ ಕೂತುಬಿಟ್ಟರೆ, ಅದು ಮೆದುಳಿನ ರೋಗದ ಗುರುತಾಗಿರಬಹುದು. ವೈದ್ಯರು ಇದನ್ನು ಡಿಮೆನ್ಷಿಯ ಎಂದು ಕರೆಯುತ್ತಾರೆ. ಇದು ಒಂದೇ ರೋಗವಲ್ಲ. ಅನೇಕ ಕಾರಣಗಳಿಂದ ಹುಟ್ಟುವ ಒಂದು ಅವಸ್ಥೆಯು. ಕೆಲವರಿಗೆ ರಕ್ತದೊತ್ತಡದಿಂದಲೂ ಲಕ್ವದಿಂದಲೂ ಮೆದುಳಿನ ರಕ್ತನಾಳಗಳು ಕೆಟ್ಟು ಬರುತ್ತದೆ. ಹೆಚ್ಚು ಮಂದಿಗೆ ಬರುವದು ಆಲ್ಝೈಮರ್ ಎಂಬ ಜರ್ಮನ್ ವೈದ್ಯನ ಹೆಸರುಳ್ಳ ರೋಗ. ಆತನು 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ 51 ವರುಷದ ಒಬ್ಬ ಹೆಂಗಸನ್ನು ಪರೀಕ್ಷಿಸಿ, ಆಕೆಯು ತೀರಿದ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, 1906ರಲ್ಲಿ ಆ ವರದಿಯನ್ನು ವೈದ್ಯರ ಸಭೆಯ ಮುಂದಿಟ್ಟನು. ಆಕೆಯಲ್ಲಿ ಮೊದಲು ಕಂಡದ್ದು ಮರೆವಲ್ಲ. ತನ್ನ ಗಂಡನ ಮೇಲೆ ಕಾರಣವಿಲ್ಲದ ಸಂಶಯ. ಈ ಸಂಗತಿಯನ್ನು ನೆನಪಿನಲ್ಲಿಡಿರಿ. ಮುಂದೆ ಇದರ ಉಪಯೋಗವುಂಟು.

ಇದು ಪರದೇಶದ ರೋಗ, ಪಟ್ಟಣದವರ ರೋಗ ಎಂದು ಹೇಳುವವರುಂಟು. 2023ರಲ್ಲಿ ಪ್ರಕಟವಾದ ಒಂದು ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರೊಳಗೆ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಅವಸ್ಥೆಯುಂಟು. ಅದೂ ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಹೀಗಿರುವಲ್ಲಿ ಮನೆಯವರ ಮೊದಲನೆಯ ಕೆಲಸ ಯಾವದು? ರೋಗಿಯನ್ನು ವೈದ್ಯರಿಗೆ ತೋರಿಸುವದೇ. ಯಾಕಂದರೆ ಮರೆವಿನ ಕಾರಣಗಳಲ್ಲಿ ಕೆಲವು ವಾಸಿಯಾಗತಕ್ಕವುಗಳು. ಬಿ12 ಎಂಬ ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ತಿಂಗಳ ಹಿಂದೆ ಜಾರಿ ಬಿದ್ದಾಗ ತಲೆಯೊಳಗೆ ಸೋರಿ ನಿಂತ ರಕ್ತ, ಅಂಗಡಿಯಿಂದ ತಾವೇ ತಂದು ನುಂಗುವ ನಿದ್ರೆಯ ಮಾತ್ರೆ, ಇವುಗಳೂ ಬುದ್ಧಿಯನ್ನು ಮಸುಕುಮಾಡುವವು. ನಿನ್ನೆಯ ವರೆಗೆ ಸರಿಯಾಗಿದ್ದವರು ಇಂದು ಏಕಾಏಕಿ ಏನೇನೋ ಮಾತಾಡಿದರೆ ಮೂತ್ರದ ಸೋಂಕೋ ಜ್ವರವೋ ನೀರು ಕುಡಿಯದ ನಿಶ್ಶಕ್ತಿಯೋ ಕಾರಣವಾಗಿರಬಹುದು. ಅದಕ್ಕೆ ಅದೇ ದಿವಸ ಚಿಕಿತ್ಸೆ ಬೇಕು. ಉಳಿದವುಗಳಿಗೆ, ವಿಶೇಷವಾಗಿ ಆಲ್ಝೈಮರ್ ರೋಗಕ್ಕೆ, ಪೂರ್ಣವಾಗಿ ಗುಣಮಾಡುವ ಔಷಧವು ಇನ್ನೂ ದೊರಕಿಲ್ಲ. ಕೆಲವು ಕಾಲ ಸ್ವಲ್ಪ ಆಸರೆ ಕೊಡುವ ಮಾತ್ರೆಗಳುಂಟು. ಅವುಗಳನ್ನು ವೈದ್ಯರು ಹೇಳಿದರೆ ಮಾತ್ರ ಕೊಡತಕ್ಕದ್ದು.

ಇಲ್ಲಿ ಒಂದು ಮಾತನ್ನು ಮರೆಮಾಡದೆ ಹೇಳಬೇಕು. ಇಂಥಾ ಹಿರಿಯರಿಗೆ ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಅಂತ್ರ ಕಟ್ಟಿಸುವವರು ಊರಲ್ಲಿ ಇದ್ದಾರೆ. ನಮ್ಮ ಸಭೆಗಳಲ್ಲಿಯೂ ದೆವ್ವ ಹಿಡಿದಿದೆಯೆಂದು ಎಂಭತ್ತು ವರುಷದ ಮುದುಕಿಯನ್ನು ರಾತ್ರಿಯೆಲ್ಲಾ ಕೂರಿಸಿ ಉಪವಾಸ ಮಾಡಿಸುವವರು ಇಲ್ಲದಿಲ್ಲ. ರೋಗಿಯ ಬಳಿಯಲ್ಲಿ ಕೂತು ಪ್ರಾರ್ಥಿಸುವದು ಒಳ್ಳೇದು. ರೋಗಿಗೆ ಅನ್ನ ನೀರು ನಿದ್ರೆಗಳನ್ನು ತಪ್ಪಿಸುವದು ಪ್ರಾರ್ಥನೆಯಲ್ಲ. ಅದರಿಂದ ರೋಗವು ಒಂದೇ ರಾತ್ರಿಯಲ್ಲಿ ಹೆಚ್ಚಾಗುವದು.

ಎಲ್ಲಿಗೆ ಹೋಗಬೇಕೆಂದು ಕೇಳುವಿರಾ? ಮನಸ್ಸು ಮತ್ತು ಮೆದುಳಿನ ರೋಗಗಳಿಗೆ ಬೆಂಗಳೂರಿಗೇ ಹೋಗಬೇಕು ಎಂಬ ಎಣಿಕೆಯನ್ನು ಮೊದಲು ಸುಳ್ಳುಮಾಡಿದ್ದು ನಮ್ಮ ಸೀಮೆಯೇ ಎಂದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಒಂದು ಇಡೀ ಜಿಲ್ಲೆಯನ್ನು ಆರಿಸಿಕೊಂಡು, ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಮನೆಮನೆಗೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳ ಗುರುತುಗಳನ್ನು ಕಲಿಸಿ, ಅಗತ್ಯವಾದ ಕೆಲವೇ ಔಷಧಗಳನ್ನು ಅಲ್ಲಿಯೇ ಒದಗಿಸಿ, ಸಾಮಾನ್ಯ ವೈದ್ಯರ ಕೈಯಿಂದಲೇ ಚಿಕಿತ್ಸೆ ಕೊಡಿಸಿದರು. ಆ ಜಿಲ್ಲೆಯು ಬಳ್ಳಾರಿ. ಆಗ ಮರಿಯಮ್ಮನಹಳ್ಳಿ, ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಅದಕ್ಕೆ ಸೇರಿದ್ದವು. ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಜಿಲ್ಲೆಯು ಪ್ರತ್ಯೇಕವಾದದ್ದು 2021ರಲ್ಲಿ. ಬಳ್ಳಾರಿಯಲ್ಲಿ ನಡೆದ ಆ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶಕ್ಕೆಲ್ಲಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭಿಸಲ್ಪಟ್ಟಿತು. ಅಂದು ಮುಖ್ಯವಾಗಿ ನೋಡಿದ್ದು ಬುದ್ಧಿವಿಕಾರ, ಮೂರ್ಛೆರೋಗ ಮುಂತಾದವುಗಳನ್ನು. ಮುಪ್ಪಿನವರ ಮರೆವಿಗೆ ಅಷ್ಟು ಗಮನವಿರಲಿಲ್ಲ. ಈಗ ಅದಕ್ಕೂ ಗಮನ ಬಂದಿದೆ. 2022ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಕೂಡ ರಾಜ್ಯ ಸರಕಾರವು ಕೈಕೊಂಡ ಮೆದುಳಿನ ಆರೋಗ್ಯದ ಕಾರ್ಯದಲ್ಲಿ ಲಕ್ವ, ಮೂರ್ಛೆರೋಗ, ತಲೆನೋವುಗಳ ಸಂಗಡ ಡಿಮೆನ್ಷಿಯವೂ ಸೇರಿದೆ. ಆದದರಿಂದ ಮೊದಲು ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿರಿ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಕಾಲು ನಡೆಯದವರಿದ್ದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಬುದ್ಧಿ ಹೇಳುವರು. ಹಿರಿಯರ ಬೇರೆ ಕಷ್ಟಗಳಿಗೆ 14567 ಎಂಬ ಸಹಾಯವಾಣಿಯುಂಟು.

ಇನ್ನು ಮುಂದಾಲೋಚನೆಯ ಮಾತು. ಎರಡನೆಯ ಸಮುವೇಲನ 19ನೆಯ ಅಧ್ಯಾಯದಲ್ಲಿ ಗಿಲ್ಯಾದಿನ ಬರ್ಜಿಲ್ಲೈ ಎಂಬವನ ಸಂಗತಿಯನ್ನು ನೀವು ಓದಿರುವಿರಿ. ದಾವೀದನು ಅವನನ್ನು ಯೆರೂಸಲೇಮಿಗೆ ಕರೆದಾಗ ಅವನಿಗೆ ಎಂಭತ್ತು ವರುಷ. ನಾಲಿಗೆಗೆ ರುಚಿಯಿಲ್ಲ, ಕಿವಿಗೆ ಹಾಡಿಲ್ಲ ಎಂದು ತನ್ನ ಸ್ಥಿತಿಯನ್ನು ತಾನೇ ಹೇಳಿ, ತಾನು ಇರತಕ್ಕ ಊರನ್ನೂ ಸಾಯತಕ್ಕ ಸ್ಥಳವನ್ನೂ ತಾನೇ ಆರಿಸಿಕೊಂಡು, ತನಗೆ ಬದಲಾಗಿ ಕಿಮ್ಹಾಮನನ್ನು ಮುಂದೆ ಮಾಡಿದನು. ಅರಸನು ಅದಕ್ಕೆ ಒಪ್ಪಿದನು. ಅವನಿಗೆ ಮರೆವಿನ ರೋಗವಿರಲಿಲ್ಲ, ಬುದ್ಧಿ ಸ್ಥಿರವಾಗಿಯೇ ಇತ್ತು, ಅದಕ್ಕಾಗಿಯೇ ಹೇಳುವದಕ್ಕಾಯಿತು. ಮರೆವಿನ ರೋಗಿಯೂ ಆರಂಭದ ವರುಷಗಳಲ್ಲಿ ತನ್ನ ಇಷ್ಟವನ್ನು ಚೆನ್ನಾಗಿ ಹೇಳಬಲ್ಲನು. ಆ ಬಾಗಿಲು ಮೆಲ್ಲಗೆ ಮುಚ್ಚುತ್ತಾ ಬರುತ್ತದೆ. ಅದು ತೆರೆದಿರುವಾಗಲೇ ಹಿರಿಯರನ್ನು ನಡುವೆ ಕೂರಿಸಿಕೊಂಡು, ಗಂಡುಮಕ್ಕಳೂ ಹೆಣ್ಣುಮಕ್ಕಳೂ ಸೊಸೆಯರೂ ಕೂಡಿ ಮಾತಾಡಬೇಕು. ಸೊಸೆಯರೂ ಎಂದು ಬೇಕೆಂದೇ ಬರೆದೆವು. ತೀರ್ಮಾನವನ್ನು ಗಂಡಸರು ಕಟ್ಟೆಯ ಮೇಲೆ ಮಾಡಿ, ಸೇವೆಯನ್ನು ಒಬ್ಬ ಸೊಸೆಯ ತಲೆಗೆ ಕಟ್ಟುವದು ನಮ್ಮ ಮನೆಗಳ ಹಳೇ ರೂಢಿಯು.

ಮಾತಾಡತಕ್ಕದ್ದೇನಂದರೆ: "ಅಮ್ಮಾ, ಮುಂದೆ ನಿಮಗೆ ಕೈಲಾಗದೆ ಹೋದರೆ ಯಾರ ಮನೆಯಲ್ಲಿ ಇರುವದಕ್ಕೆ ಮನಸ್ಸು? ಆಸ್ಪತ್ರೆಯಲ್ಲಿ ನಿಮ್ಮ ಪರವಾಗಿ ಯಾರು ಮಾತಾಡಬೇಕು? ಹೊಲ ಮನೆಗಳ ಪತ್ರಗಳು ಎಲ್ಲಿವೆ?" ಹೀಗೆ ಕೇಳುವದು ಸಾವನ್ನು ಕರೆದಂತೆ ಎಂದು ಕೆಲವರು ಹಿಂಜರಿಯುವರು. ಆದರೆ ಕೇಳದೆ ಹೋದ ಮನೆಯ ಗತಿಯನ್ನು ನೋಡಿರಿ. ಏನೂ ತಿಳಿಯದ ಮುದುಕನನ್ನು ಒಬ್ಬ ಮಗನು ಆಟೋದಲ್ಲಿ ಕೂರಿಸಿಕೊಂಡು ನೋಂದಣಿ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿಸುವನು. ಉಳಿದ ಮಕ್ಕಳು ಕೋರ್ಟಿಗೆ ಹೋಗುವರು. ಮುದುಕನಿಗೆ ಅನ್ನ ಹಾಕತಕ್ಕವರು ಯಾರೆಂಬ ಪ್ರಶ್ನೆ ಮಾತ್ರ ಯಾರ ಅರ್ಜಿಯಲ್ಲಿಯೂ ಇರುವದಿಲ್ಲ.

ಕಾಯಿದೆಯ ಕೆಲವು ಮಾತುಗಳನ್ನು ಪ್ರತಿ ಮನೆಯವರು ತಿಳುಕೊಂಡಿರಬೇಕು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಅನ್ವಯಿಸುತ್ತದೆ. ಮರಣಶಾಸನವಿಲ್ಲದೆ ಗಂಡನು ತೀರಿದರೆ ಆಸ್ತಿಯ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ; ಮಗನಿಗೂ ಮಗಳಿಗೂ ಸಮ. ಬೇರೆ ರೀತಿಯಾಗಿ ಕೊಡಬೇಕೆಂದಿದ್ದರೆ ಮರಣಶಾಸನವನ್ನು ಬರೆಯಬೇಕು. ಬರೆಯುವ ಹೊತ್ತಿನಲ್ಲಿ ಬುದ್ಧಿಯು ಸ್ವಸ್ಥವಾಗಿರಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿ ಹಾಕಿದವನಿಗಾಗಲಿ ಅವನ ಹೆಂಡತಿಗಾಗಲಿ ಆ ಶಾಸನದಲ್ಲಿ ಏನಾದರೂ ಬರೆದಿದ್ದರೆ ಆ ಭಾಗವು ನಿಲ್ಲದು. ಆದಕಾರಣ ಪಾಲು ಹೊಂದುವ ಮಗನನ್ನು ಸಾಕ್ಷಿಯಾಗಿ ನಿಲ್ಲಿಸಬೇಡಿರಿ. ನೋಂದಣಿಯು ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೇದು. ರೋಗದ ಹೆಸರು ಆಗಲೇ ಬಂದಿದ್ದರೆ ಅದೇ ದಿವಸ ವೈದ್ಯರಿಂದ ಬುದ್ಧಿಸ್ವಾಸ್ಥ್ಯದ ಪತ್ರವನ್ನು ಪಡೆದಿಡುವದು ಮುಂದಿನ ಜಗಳಗಳನ್ನು ತಪ್ಪಿಸುವದು.

ಅನೇಕರು ಮೋಸಹೋಗುವ ಸ್ಥಳ ಇನ್ನೊಂದುಂಟು. ಅಪ್ಪನಿಂದ ಮುಖ್ತ್ಯಾರಪತ್ರ ಬರೆಸಿಕೊಂಡಿದ್ದೇವೆ, ಇನ್ನು ಭಯವಿಲ್ಲ ಎಂದು ಹೇಳುತ್ತಾರೆ. 1872ರ ಕರಾರು ಕಾಯಿದೆಯ ಪ್ರಕಾರ ಬರೆದುಕೊಟ್ಟವನ ಬುದ್ಧಿ ಅಸ್ವಸ್ಥವಾದ ಕೂಡಲೇ ಸಾಧಾರಣವಾಗಿ ಆ ಅಧಿಕಾರವು ಮುಗಿದುಹೋಗುತ್ತದೆ. ಯಾವ ದಿವಸಕ್ಕಾಗಿ ಅದನ್ನು ಬರೆಸಿದರೋ ಆ ದಿವಸವೇ ಅದು ಕೆಲಸಕ್ಕೆ ಬಾರದು! ಆಮೇಲೆ ಆಸ್ತಿಯ ವಿಷಯವಾಗಿ ಪಾಲಕನನ್ನು ನೇಮಿಸಿಕೊಳ್ಳಬೇಕಾದರೆ ಹೈಕೋರ್ಟಿನ ತನಕ ಹೋಗಬೇಕಾಗಿ ಬರಬಹುದು. ನಮಗೆ ಅದು ಧಾರವಾಡದ ಪೀಠವು. ಬಡವರಿಗೆ ಇದು ಸುಲಭವಲ್ಲ. ಆದದರಿಂದ ಸಂಧ್ಯಾ ಸುರಕ್ಷೆಯ ಹಣವೋ ಫಸಲಿನ ಹಣವೋ ಬರುವ ಬ್ಯಾಂಕಿನ ಖಾತೆಗೆ ಹಿರಿಯರು ಒಪ್ಪುವ ಕಾಲದಲ್ಲಿಯೇ ನಂಬಿಕೆಯುಳ್ಳ ಒಬ್ಬರ ಹೆಸರನ್ನು ಜಂಟಿಯಾಗಿ ಸೇರಿಸಬಹುದೋ ಎಂದು ಬ್ಯಾಂಕಿನವರನ್ನು ಕೇಳಿರಿ. ಪಹಣಿ, ಆಧಾರ್, ಪಡಿತರ ಚೀಟಿ, ಪಾಸ್‌ಪುಸ್ತಕಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಇಬ್ಬರಿಗೆ ತಿಳಿಸಿರಿ. ಚಿಕಿತ್ಸೆಯ ವಿಷಯಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಒಂದು ಸುಲಭ ದಾರಿಯನ್ನು ಇಟ್ಟಿದೆ. ತನ್ನ ಪ್ರತಿನಿಧಿ ಇಂಥವರೆಂದು ಬಿಳೀ ಕಾಗದದ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು. ಆದರೆ ಅದು ಚಿಕಿತ್ಸೆಗೆ ಮಾತ್ರ, ಹೊಲಕ್ಕಲ್ಲ. ಹಿರಿಯರು ಬದುಕಿರುವಾಗಲೇ ಮಕ್ಕಳಿಗೆ ದಾನಪತ್ರ ಬರೆದುಕೊಡುವದಾದರೆ, ತಮ್ಮನ್ನು ಸಾಕತಕ್ಕದ್ದೆಂಬ ಷರತ್ತನ್ನು ಅದರಲ್ಲಿ ಸೇರಿಸಿ ಬರೆಯಿಸಲಿ. 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಆ ಷರತ್ತನ್ನು ಮೀರಿದವರ ಮೇಲೆ ಉಪವಿಭಾಗಾಧಿಕಾರಿಯ ಮುಂದೆ ದೂರಿಕೊಂಡು ಪತ್ರವನ್ನು ರದ್ದುಮಾಡಿಸಬಹುದು.

ಕಾಗದಗಳ ಮಾತು ಇಷ್ಟು ಸಾಕು. ದಿನದಿನದ ಆರೈಕೆಯಲ್ಲಿ ಮನೆಗಳನ್ನು ಒಡೆಯುವ ಸಂಗತಿ ಯಾವದೆಂದರೆ, ಸಂಶಯವೇ. ಅತ್ತೆಯು ತನ್ನ ಕಿವಿಯ ಓಲೆಯನ್ನು ಅಕ್ಕಿಯ ಗಡಿಗೆಯಲ್ಲಿ ಬಚ್ಚಿಟ್ಟು ಮರೆತು, ಸೊಸೆಯು ಕದ್ದಳೆಂದು ಬೀದಿಯಲ್ಲಿ ನಿಂತು ಕೂಗುವಳು. ಹಗಲುರಾತ್ರಿ ಮಲಮೂತ್ರ ತೊಳೆದವಳಿಗೆ ಕಳ್ಳಿಯೆಂಬ ಹೆಸರು! ಗಂಡನು ತಾಯಿಯ ಮಾತನ್ನು ನಂಬಿ ಹೆಂಡತಿಯನ್ನು ಹೊಡೆದದ್ದೂ ಉಂಟು, ಹೆಂಡತಿಯ ಮಾತಿಗೆ ತಾಯಿಯನ್ನು ಹೊರಗೆ ಹಾಕಿದ್ದೂ ಉಂಟು. ಪ್ರಿಯರೇ, ಆ ಫ್ರಾಂಕ್‌ಫರ್ಟಿನ ಹೆಂಗಸನ್ನು ನೆನಸಿಕೊಳ್ಳಿರಿ. ಸಂಶಯವು ರೋಗದ ಗುರುತೇ, ಅತ್ತೆಯ ಹಗೆಯಲ್ಲ. ಇಟ್ಟ ಸ್ಥಳದ ನೆನಪು ಅಳಿಸಿಹೋಗಿದೆ, ಇಟ್ಟದ್ದರ ನೆನಪೂ ಅಳಿಸಿಹೋಗಿದೆ. ವಸ್ತುವು ಇಲ್ಲದ್ದು ಮಾತ್ರ ಕಾಣುತ್ತದೆ. ಹಾಗಾದರೆ ಯಾರೋ ತೆಗೆದಿರಬೇಕು ಎಂದು ಕೆಟ್ಟ ಮೆದುಳು ಲೆಕ್ಕ ಹಾಕುತ್ತದೆ. ಹತ್ತಿರ ಇರುವವಳು ಸೊಸೆ. ಆದದರಿಂದ ವಾದಿಸಬೇಡಿರಿ, ಆಣೆ ಇಡಬೇಡಿರಿ. "ಅಯ್ಯೋ, ಕಳೆಯಿತೇ ಅತ್ತೆಯವರೇ, ಬನ್ನಿ ಇಬ್ಬರೂ ಹುಡುಕೋಣ" ಎಂದು ಸೊಸೆಯು ಹೇಳಲಿ. ಬಚ್ಚಿಡುವ ಸ್ಥಳಗಳು ಸಾಮಾನ್ಯವಾಗಿ ಎರಡೋ ಮೂರೋ ಇರುತ್ತವೆ, ಅವುಗಳನ್ನು ಗುರುತಿಸಿಟ್ಟುಕೊಳ್ಳಿರಿ. ನಿಜವಾದ ಬಂಗಾರವನ್ನು ಮೊದಲೇ ಎಲ್ಲರ ಮುಂದೆ ತೆಗೆದಿಡಿರಿ. ಗಂಡನಾದವನು ಆ ಕೂಗು ಕೇಳಿದ ನೆರೆಯವರ ಬಳಿಗೆ ತಾನೇ ಹೋಗಿ ಇದು ರೋಗವೆಂದು ತಿಳಿಸಿ ಬರಲಿ. ಈ ಕೆಲಸವು ಸೊಸೆಯದಲ್ಲ.

"ಊರಿಗೆ ಹೋಗಬೇಕು" ಎಂಬದು ಈ ರೋಗಿಗಳು ಸಂಜೆಯಾದ ಕೂಡಲೇ ಹೇಳುವ ಮಾತು. ಲೋಕದ ಎಲ್ಲಾ ದೇಶಗಳಲ್ಲಿಯೂ ಹೇಳುತ್ತಾರೆ. ನಮ್ಮ ಸ್ಥಳದಲ್ಲಿ ಅದಕ್ಕೆ ಬೇರೊಂದು ನೋವುಂಟು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ನೀರಿನಲ್ಲಿ ನಾರಾಯಣದೇವರಕೆರೆ ಮೊದಲಾದ ಊರುಗಳು ಮುಳುಗಿ, ಅಲ್ಲಿಯ ಜನರು ಮರಿಯಮ್ಮನಹಳ್ಳಿಗೆ ಬಂದು ನೆಲಸಿದರು. ಅಂದು ತಾಯಿಯ ಸೆರಗು ಹಿಡಿದು ಬಂದ ಹುಡುಗರು ಈಗ ಎಂಭತ್ತನ್ನು ಮುಟ್ಟಿದವರೋ ದಾಟಿದವರೋ ಆಗಿದ್ದಾರೆ. ಮರೆವಿನ ರೋಗದಲ್ಲಿ ಇತ್ತೀಚಿನ ನೆನಪು ಮೊದಲು ಹೋಗಿ, ಬಾಲ್ಯದ ನೆನಪು ಕಡೆಯ ತನಕ ನಿಲ್ಲುತ್ತದೆ. ಅಂಥವನು ಎದ್ದು ಹೊರಟರೆ ಹೋಗುವದು ಹಿನ್ನೀರಿನ ಕಡೆಗೆ. "ಆ ಊರು ಮುಳುಗಿ ಎಪ್ಪತ್ತು ವರುಷವಾಯಿತು, ಸುಮ್ಮನೆ ಮಲಗಿ" ಎಂದು ಗದರಿಸಿದರೆ ಅವನು ಅದನ್ನು ಅಂದೇ ಹೊಸದಾಗಿ ಕೇಳಿದಂತೆ ಅಳುವನು. ಗಂಟೆ ಕಳೆದ ಮೇಲೆ ಮತ್ತೆ ಕೇಳುವನು, ಮತ್ತೆ ಅಳುವನು. ಅದಕ್ಕೆ ಬದಲಾಗಿ "ಅಪ್ಪಾ, ನಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು? ಎಮ್ಮೆ ಎಲ್ಲಿ ಕಟ್ಟುತ್ತಿದ್ದಿರಿ?" ಎಂದು ಕೇಳಿರಿ. ಅವನು ಹೇಳುವನು, ಬಹಳ ಚೆನ್ನಾಗಿ ಹೇಳುವನು. ಹೇಳುತ್ತಾ ಹೇಳುತ್ತಾ ಕಾಲು ಸಡಿಲವಾಗಿ ಕೂತುಕೊಳ್ಳುವನು. ಇದು ಸುಳ್ಳಾಡುವದಲ್ಲವೋ ಎಂದು ಕೆಲವು ಮನಸ್ಸಾಕ್ಷಿಯುಳ್ಳವರು ಕೇಳಬಹುದು. ಊರು ಇನ್ನೂ ಇದೆಯೆಂದು ನೀವು ಹೇಳಲಿಲ್ಲ. ಇದ್ದ ಊರಿನ ಮಾತನ್ನು ಕೇಳಿದಿರಿ ಅಷ್ಟೇ. ಇದೇ ರೀತಿಯಾಗಿ, ಬಳ್ಳಾರಿಯ ಈ ಸೀಮೆಯಲ್ಲಿ ತೆಲುಗು ಮನೆಮಾತಾಗಿರುವವರು ಬಹಳ. ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ಬಾರದಾದರೆ ಎಳೆತನದ ಮಾತಿನಲ್ಲಿ ಮಾತಾಡಿಸಿ ನೋಡಿರಿ.

ಆದರೂ ಕಣ್ಣು ತಪ್ಪಿ ಹೊರಟುಹೋಗುವದುಂಟು. ನಮ್ಮಲ್ಲಿ ಹಿನ್ನೀರೂ ಕಾಲುವೆಯೂ ಲಾರಿಗಳು ಓಡುವ ಹೆದ್ದಾರಿಯೂ ಹತ್ತಿರವಿರುವದರಿಂದ ಇದು ಪ್ರಾಣಾಪಾಯದ ಸಂಗತಿ. ಅಂಗಿಯ ಒಳಗೆ ಹೆಸರನ್ನೂ ಫೋನಿನ ಸಂಖ್ಯೆಯನ್ನೂ ಬರೆದು ಹೊಲಿಯಿರಿ. ಚಹದ ಅಂಗಡಿಯವನಿಗೂ ಬಸ್‌ನಿಲ್ದಾಣದವರಿಗೂ ಮೊದಲೇ ಹೇಳಿಡಿರಿ; ಇದರಲ್ಲಿ ಅವಮಾನವೇನೂ ಇಲ್ಲ. ಕಾಣೆಯಾದರೆ ಬೆಳಗಾಗಲಿ ಎಂದು ಕಾಯದೆ ಕೂಡಲೇ 112ಕ್ಕೆ ಕರೆಮಾಡಿರಿ, ನೀರಿನ ಕಡೆಗೂ ರಸ್ತೆಯ ಕಡೆಗೂ ಮೊದಲು ಜನರನ್ನು ಕಳುಹಿಸಿರಿ. ಮಂಚಕ್ಕೆ ಕಟ್ಟಿಹಾಕಬೇಡಿರಿ. ಬೀಗ ಹಾಕಿ ಎಲ್ಲರೂ ಹೊಲಕ್ಕೆ ಹೋಗಬೇಡಿರಿ. ಒಲೆಯೊಂದಿದ್ದರೆ ಸಾಕು, ಮನೆಗೆ ಬೆಂಕಿ ತಾಗುವದಕ್ಕೆ.

ಮಿಕ್ಕ ಆರೈಕೆಯನ್ನು ಚುಟುಕಾಗಿ ಹೇಳುವೆವು. ದಿನಚರಿಯು ಒಂದೇ ಪ್ರಕಾರವಾಗಿರಲಿ. ಕೇಳುವ ತನಕ ಕಾಯದೆ ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕರಕೊಂಡು ಹೋಗಿರಿ. ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಕನ್ನಡಕವೂ ಕಿವಿಯ ಯಂತ್ರವೂ ಸರಿಯಾಗಿರಲಿ. ಕಾಣದವನಿಗೂ ಕೇಳದವನಿಗೂ ಗಲಿಬಿಲಿ ಇಮ್ಮಡಿ. ರೋಗವು ಬಲಿತು ನುಂಗುವದು ಕಷ್ಟವಾದಾಗ ನೆಟ್ಟಗೆ ಕೂರಿಸಿ, ಮೆತ್ತಗಿನ ಅಂಬಲಿ ಗಂಜಿಗಳನ್ನು ಚಿಕ್ಕ ಚಮಚದಿಂದ ಕೊಡಿರಿ. ಮಲಗಿಸಿ ನೀರು ಹೊಯ್ಯಬೇಡಿರಿ, ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯ ಆಗುವದು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದರೆ ಬೆನ್ನಿನಲ್ಲಿ ಹುಣ್ಣಾಗುವದು ತಪ್ಪುತ್ತದೆ. ರಾತ್ರಿಯ ಕೂಗಾಟ ತಾಳಲಾರದೆ ಔಷಧದ ಅಂಗಡಿಯಿಂದ ಶಾಂತಮಾಡುವ ಮಾತ್ರೆ ತಂದು ಕೊಡಬೇಡಿರಿ. ಈ ರೋಗಿಗಳಲ್ಲಿ ಅಂಥ ಕೆಲವು ಔಷಧಗಳಿಂದ ಲಕ್ವವೂ ಮರಣವೂ ಹೆಚ್ಚುತ್ತವೆ.

ಈಗ ಸೇವೆ ಮಾಡುವವಳ ಮಾತು. ಈ ರೋಗವು ತಿಂಗಳುಗಟ್ಟಲೆಯದಲ್ಲ, ವರುಷಗಟ್ಟಲೆಯದು. ಒಬ್ಬಳೇ ನೋಡಿಕೊಂಡರೆ ಅವಳೂ ರೋಗಿಯಾಗುವಳು. ಬೆನ್ನುನೋವು, ನಿದ್ರೆಯಿಲ್ಲದಿರುವದು, ಕಡೆಗೆ ಬಾಯಿ ಬಿಟ್ಟು ಹೇಳಲಾರದ ಸಿಟ್ಟು. ಆ ಸಿಟ್ಟು ಬಂದದ್ದಕ್ಕೆ ಅವಳನ್ನು ದೂಷಿಸದೆ ಅವಳ ಭಾರವನ್ನು ಇಳಿಸಿರಿ. ಬೆಂಗಳೂರಿನಲ್ಲಿ ದುಡಿಯುವ ಮಗನು ಹಣ ಕಳುಹಿಸಿದೆನೆಂದು ಕೈತೊಳೆದುಕೊಳ್ಳದೆ, ವರುಷಕ್ಕೆ ಇಷ್ಟು ವಾರವೆಂದು ರಜೆ ಹಾಕಿ ತಾನೇ ಬಂದು ತಾಯಿಗೆ ಸ್ನಾನ ಮಾಡಿಸಲಿ. ಗಂಡಸಿಗೆ ಬಾರದ ಕೆಲಸವೇನೂ ಅದರಲ್ಲಿಲ್ಲ.

ಸಭೆಯವರು ಮಾಡಬಹುದಾದದ್ದು ಬಹು ಸಣ್ಣದು: ವಾರದಲ್ಲಿ ಒಂದು ದಿವಸ ಎರಡು ಗಂಟೆ ಒಬ್ಬರು ಹೋಗಿ ಹಿರಿಯರ ಹತ್ತಿರ ಕೂತರೆ, ಮನೆಯವಳು ಹೊಸಪೇಟೆಯ ಬಸ್ಸು ಹತ್ತಿ ತನ್ನ ಕೆಲಸ ಮುಗಿಸಿಕೊಂಡು ಬರಬಹುದು, ಅಥವಾ ಬಾಗಿಲು ಹಾಕಿಕೊಂಡು ನಿದ್ರೆ ಮಾಡಬಹುದು. ಕೂತುಕೊಳ್ಳುವವರಿಗಾಗಿ ಮನೆಯವರು ಒಂದು ಚೀಟಿಯನ್ನು ಬರೆದು ಗೋಡೆಗೆ ಅಂಟಿಸಲಿ. ಹಿರಿಯರನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು, ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಚಹಕ್ಕೆ ಸಕ್ಕರೆ ಹಾಕಬಹುದೋ ಇಲ್ಲವೋ, ಯಾವ ಕೀರ್ತನೆಯನ್ನು ಎತ್ತಿಕೊಟ್ಟರೆ ಅವರು ತಾವೇ ಮುಂದೆ ಹಾಡುತ್ತಾರೆ, ಮೂತ್ರಕ್ಕೆ ಕಡೆಯ ಸಾರಿ ಕರಕೊಂಡು ಹೋದದ್ದು ಎಷ್ಟು ಹೊತ್ತಿಗೆ, ಇಷ್ಟು ಇದ್ದರೆ ಸಾಕು.